ನಿಮ್ಮ ಫೋನಿನಲ್ಲಿ ಅಂಥದ್ದೇನಿದೆ ಮಾರಾಯ್ರೇ?

ಸೋಮವಾರ ಬೆಳಿಗ್ಗೆ ಐಟಿ ವಿಭಾಗದಿಂದ ಮೇಲ್ ಬಂದಿದೆ. 'ಎಲ್ಲ ನೌಕರರೂ ತಮ್ಮ ಮೊಬೈಲನ್ನು ಶುಕ್ರವಾರದೊಳಗೆ ಎನ್‌ರೋಲ್ ಮಾಡತಕ್ಕದ್ದು. ತಪ್ಪಿದಲ್ಲಿ ಫೋನಿನಲ್ಲಿ ಆಫೀಸಿನ ಮೇಲ್, ಟೀಮ್ಸ್ ಎರಡೂ ಬಂದ್.' ಓದಿದ್ರಿ. ಓದಿದ ತಕ್ಷಣ ಏನು ಮಾಡಿದ್ರಿ ಹೇಳಲಾ? ಕೈಯಲ್ಲಿದ್ದ ಫೋನನ್ನು ಮೇಜಿನ ಮೇಲೆ ಬೋರಲು ಹಾಕಿದ್ರಿ. (ಆಗಲೇ ಯಾರು ಇಣುಕ್ತಿದ್ರು ಅಂತ?)

ಆಮೇಲೆ ಪಕ್ಕದ ಸೀಟಿನ ಕಡೆ ವಾಲಿ, ದನಿ ತಗ್ಗಿಸಿ, 'ಗುರೂ, ಇದು ಹಾಕ್ಕೊಂಡ್ರೆ ನಮ್ಮ ವಾಟ್ಸಾಪ್ ಎಲ್ಲ ಅವರಿಗೆ ಕಾಣುತ್ತಂತೆ, ಹೌದಾ?' ಅಂದ್ರಿ. ಗುರುವಿಗೂ ಗೊತ್ತಿಲ್ಲ. ಗೊತ್ತಿಲ್ಲ ಅಂತ ಒಪ್ಕೊಂಡು ಸುಮ್ಮನಿದ್ರೆ ಅವನು ಗುರು ಹೇಗಾದಾನು? ಹನ್ನೊಂದು ಗಂಟೆಯ ಟೀ ಮುಗಿಯೋ ಹೊತ್ತಿಗೆ ಕಂಪನಿಯವರು ನಿಮ್ಮ ಫೋಟೋ ನೋಡ್ತಾರೆ, ಫೋನ್ ಕದ್ದು ಕೇಳ್ತಾರೆ, ರಾತ್ರಿ ಹೊತ್ತು ಕ್ಯಾಮೆರಾ ಆನ್ ಮಾಡ್ತಾರೆ ಅನ್ನುವವರೆಗೆ ಸುದ್ದಿ ಹಬ್ಬಿತ್ತು.

ಈಗ ನಾನೊಂದು ಮಾತು ಕೇಳ್ತೀನಿ, ಸಿಟ್ಟಾಗಬಾರದು. ನಿಮ್ಮ ಫೋನಿನಲ್ಲಿ ಅಂಥದ್ದೇನಿದೆ ಮಾರಾಯ್ರೇ? ಚಿಕ್ಕಪ್ಪ ಕಳಿಸಿದ ಗುಡ್ ಮಾರ್ನಿಂಗ್ ಗುಲಾಬಿಗಳು. ಅಪಾರ್ಟ್‌ಮೆಂಟ್ ಗುಂಪಿನ ಟ್ಯಾಂಕರ್ ನೀರಿನ ಜಗಳ. ಒಂದೇ ಹಲಸಿನಹಣ್ಣಿಗೆ ಹನ್ನೆರಡು ಫೋಟೋ, ಅದರಲ್ಲಿ ಹನ್ನೊಂದು ಮಸುಕು. ಒಂದು ಷೇರಿನ ಆಪು (ಮನೆಯವರಿಗೆ ಹೇಳಿಲ್ಲ). ಒಂದು ಕೆಲಸ ಹುಡುಕೋ ಆಪು (ಮ್ಯಾನೇಜರಿಗೆ ಹೇಳಿಲ್ಲ). ಅಲ್ಲಿ ನೋಡಿ, ಕಿವಿ ಕೆಂಪಾಯ್ತು!

'ಅಂಥದ್ದೇನೂ ಇಲ್ಲಪ್ಪ, ಆದ್ರೂ ಪ್ರೈವೆಸಿ ಅಂತ ಒಂದಿರುತ್ತಲ್ಲ' ಅಂತೀರಿ. ಇರುತ್ತೆ, ಯಾಕಿರಲ್ಲ? ಅದಕ್ಕಾಗಿ ಕೋರ್ಟಿಗೆ ಹೋದವರು ನಮ್ಮವರೇ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಎಂಬತ್ತು ದಾಟಿದ ವಯಸ್ಸಲ್ಲಿ, 2012ರಲ್ಲಿ, ಆಧಾರ್ ವಿಚಾರ ಹಿಡ್ಕೊಂಡು ಸುಪ್ರೀಂ ಕೋರ್ಟ್ ಮೆಟ್ಟಿಲು ಹತ್ತಿದ್ರು. 2017ರ ಆಗಸ್ಟ್ 24ರಂದು ಒಂಬತ್ತು ಮಂದಿ ನ್ಯಾಯಮೂರ್ತಿಗಳು ಒಮ್ಮತದಿಂದ, ಖಾಸಗಿತನ ಮೂಲಭೂತ ಹಕ್ಕು ಅಂತ ತೀರ್ಪು ಕೊಟ್ಟರು.

ಅಷ್ಟು ಕಷ್ಟಪಟ್ಟು ಕೊಡಿಸಿದ ಹಕ್ಕನ್ನು ನೀವು ಹೇಗೆ ಇಟ್ಕೊಂಡಿದ್ದೀರಿ? ಮಾಲ್‌ನಲ್ಲಿ ಎರಡು ಬನಿಯನ್ ತಗೊಂಡು ಬಿಲ್ ಹಾಕಿಸುವಾಗ 'ನಂಬರ್ ಹೇಳಿ ಸರ್' ಅಂದ್ರೆ, ಸಾಲಿನ ಕೊನೆಯವರಿಗೂ ಕೇಳೋ ಹಾಗೆ ಹತ್ತಂಕಿ ಒದರ್ತೀರಿ. ಯಾವುದೋ ಟಾರ್ಚ್ ಆಪು ಕಾಂಟ್ಯಾಕ್ಟು, ಲೊಕೇಶನ್ನು, ಮೈಕು ಮೂರನ್ನೂ ಕೇಳಿದಾಗ (ದೀಪ ಹಚ್ಚೋಕೆ ಮೈಕ್ ಯಾತಕ್ಕಪ್ಪ ಅಂತ ಅನ್ನಿಸ್ಲೇ ಇಲ್ವಾ?) ಅಲೋ, ಅಲೋ, ಅಲೋ ಅಂತ ಮೂರು ಸಲ ಒತ್ತಿದ್ರಿ. ಆಫೀಸಿನವರು ಕೇಳಿದಾಗ ಮಾತ್ರ ಪುಟ್ಟಸ್ವಾಮಿಯವರು ನೆನಪಾದ್ರು.

ಸರಿ, ಆಫೀಸಿನವರಿಗೆ ಈ ಉಸಾಬರಿಯಾದ್ರೂ ಯಾಕೆ ಅಂತೀರಾ? ಇದಕ್ಕೆ ಎಂಡಿಎಂ ಅಂತ ಹೆಸರು. ಮೊಬೈಲ್ ಡಿವೈಸ್ ಮ್ಯಾನೇಜ್‌ಮೆಂಟ್. ಮೊದಲು ಹೀಗಿರಲಿಲ್ಲ. 1999ರಲ್ಲಿ ಬಂದ ಬ್ಲ್ಯಾಕ್‌ಬೆರಿಯ ಕಾಲದಲ್ಲಿ ಯಂತ್ರವೂ ಕಂಪನಿಯದ್ದು, ಅದನ್ನು ಆಡಿಸೋ ಸರ್ವರೂ ಕಂಪನಿಯದ್ದು. 2007ರಲ್ಲಿ ಐಫೋನ್ ಬಂತು ನೋಡಿ, ದೊಡ್ಡ ದೊಡ್ಡ ಸಾಹೇಬರುಗಳು ಸ್ವಂತ ದುಡ್ಡಲ್ಲಿ ಕೊಂಡು ತಂದು, 'ನನ್ನ ಮೇಲ್ ಇದರಲ್ಲೇ ಬರಬೇಕು' ಅಂತ ಹಟ ಹಿಡಿದ್ರು. ಸಾಹೇಬರಿಗೆ ಆಗಲ್ಲ ಅನ್ನೋ ಐಟಿ ವಿಭಾಗ ಯಾವ ಊರಲ್ಲಿದೆ ಹೇಳಿ?

ಹೀಗೆ ಒಬ್ಬೊಬ್ಬರ ಜೇಬಿನ ಫೋನಿಗೂ ಕಂಪನಿಯ ಮೇಲು, ಕಂಪನಿಯ ಕಡತ ನುಗ್ಗಿದ ಮೇಲೆ ಬೀಗ ಹುಡುಕೋಕೆ ಶುರು ಮಾಡಿದ್ರು. 2010ರಲ್ಲಿ ಐಓಎಸ್ 4 ಜೊತೆಗೆ ಆಪಲ್‌ನವರು ದೂರದಿಂದಲೇ ಫೋನಿಗೆ ಅಪ್ಪಣೆ ಕೊಡಿಸೋ ದಾರಿ ಮಾಡಿದ್ರು. 2013ರಲ್ಲಿ ಸ್ಯಾಮ್‌ಸಂಗ್‌ನ ನಾಕ್ಸ್ ಅನ್ನೋ ಬೀಗ ಬಂತು. ಆಂಡ್ರಾಯ್ಡ್ 5 ಬಂದಾಗ ಗೂಗಲ್ ವರ್ಕ್ ಪ್ರೊಫೈಲ್ ಅಂತ ಒಂದನ್ನು ಸೇರಿಸಿತು. ಈಗ ನಿಮ್ಮ ಎದೆ ಢವಢವ ಅನ್ನಿಸ್ತಿರೋ ಆಸಾಮಿ ಇದೇ.

ವರ್ಕ್ ಪ್ರೊಫೈಲ್ ಅಂದ್ರೇನು ಅಂತೀರಾ? ನಿಮ್ಮ ಫೋನು ನಿಮ್ಮದೊಂದು ಸ್ವಂತ ಮನೆ ಅಂದ್ಕೊಳ್ಳಿ (ಬ್ಯಾಂಕಿನದ್ದಾದ್ರೂ ಪರವಾಗಿಲ್ಲ). ಅದರಲ್ಲಿ ಒಂದು ಕೋಣೆಯನ್ನು ಕಂಪನಿಗೆ ಬಿಟ್ಟುಕೊಟ್ಟಿದ್ದೀರಿ. ಆ ಕೋಣೆಗೆ ಬೇರೆ ಬೀಗ. ಒಳಗೆ ಏನಿರಬೇಕು, ಏನಿರಬಾರದು, ಯಾವತ್ತು ಖಾಲಿ ಮಾಡಬೇಕು ಅನ್ನೋದು ಅವರ ಮರ್ಜಿ. ನಿಮ್ಮ ಅಡುಗೆಮನೆಗೋ ದೇವರಮನೆಗೋ ಅವರು ಕಾಲಿಡೋ ಹಾಗಿಲ್ಲ. ಬೀದಿಬಾಗಿಲಿನ ಚಿಲಕ ಗಟ್ಟಿ ಇದೆಯಾ ಅಂತ ಮಾತ್ರ ಆಗಾಗ ಅಲ್ಲಾಡಿಸಿ ನೋಡ್ತಾರೆ. ಕಂಪನಿಯೇ ಕೊಟ್ಟ ಫೋನು ಅಂದ್ರೆ ಅದು ಕ್ವಾರ್ಟರ್ಸು. ಅಲ್ಲಿ ಕ್ಯಾಲೆಂಡರ್ ಮೊಳೆ ಹೊಡೆಯೋಕೂ ಕೇಳಬೇಕು.

ಬಾಡಿಗೆ ಯಾರು ಕೊಡ್ತಾರೆ ಅಂದ್ರಾ? ಭಲೇ! ಇಲ್ಲಿ ಮಾತ್ರ ನಾನು ನಿಮ್ಮ ಪಕ್ಷ. ಫೋನು ನಿಮ್ಮದು, ರೀಚಾರ್ಜು ನಿಮ್ಮದು, ಬ್ಯಾಟರಿ ಸವೆಯೋದು ನಿಮ್ಮದು, ಕೋಣೆ ಮಾತ್ರ ಅವರಿಗೆ ಪುಕ್ಕಟೆ. ಎಷ್ಟೋ ಕಂಪನಿಗಳು ಇದಕ್ಕೆ ತಿಂಗಳಿಗಿಷ್ಟು ಅಂತ ಭತ್ಯೆ ಕೊಡ್ತವೆ. ಕೊಡದವರ ಹತ್ತಿರ ಕೇಳೋದರಲ್ಲಿ ತಪ್ಪೇನಿಲ್ಲ. ಆದರೆ ನೀವು ಕೇಳಲ್ಲ. ವಾಟ್ಸಾಪ್ ಬಗ್ಗೆ ಗುಸುಗುಸು ಮಾಡೋಕೆ ಬರುತ್ತೆ, ದುಡ್ಡು ಕೇಳೋಕೆ ನಾಲಿಗೆ ಏಳಲ್ಲ.

ಇರಲಿ, ಎನ್‌ರೋಲ್ ಮಾಡೋಣ ಬನ್ನಿ. ಶುಕ್ರವಾರದೊಳಗೆ ಅಂದ್ರೆ ನಿಮ್ಮ ಪಂಚಾಂಗದಲ್ಲಿ ಶುಕ್ರವಾರ ಸಂಜೆ ಐದೂಮುಕ್ಕಾಲು. ಬ್ಯಾಟರಿ ಒಂಬತ್ತು ಪರ್ಸೆಂಟು. ಕಂಪನಿ ಪೋರ್ಟಲ್ ಅನ್ನೋ ಆಪ್ ಇಳಿಸಬೇಕು, ಜಾಗ ಸಾಲದು ಅಂತ ಬಂತು. ಹಲಸಿನಹಣ್ಣು ಡಿಲೀಟ್ ಮಾಡ್ತೀರಾ? ಮನಸ್ಸಿಲ್ಲ. ಕೊನೆಗೆ ಚಿಕ್ಕಪ್ಪನ ಗುಲಾಬಿಗಳು ಬಲಿಯಾದ್ವು. (ಒಂದು ಒಳ್ಳೇದಾಯ್ತು ಅಂತಲೇ ಇಟ್ಕೊಳ್ಳಿ.)

ಲಾಗಿನ್ ಆದ್ರಿ. ಸ್ಕ್ರೀನಿನ ಮೇಲೆ ಎರಡಂಕಿಯ ಒಂದು ಸಂಖ್ಯೆ ಬಂತು, ಇದನ್ನು ಅಥೆಂಟಿಕೇಟರ್‌ನಲ್ಲಿ ಒತ್ತಿ ಅಂತು. ಅಥೆಂಟಿಕೇಟರ್ ತೆರೆಯೋವಷ್ಟರಲ್ಲಿ ಸಂಖ್ಯೆ ಮರೆತುಹೋಯ್ತು. ವಾಪಸ್ ಬಂದ್ರಿ, ನೋಡಿದ್ರಿ, ಮತ್ತೆ ಹೋದ್ರಿ, ಎಪ್ಪತ್ಮೂರೋ ಮೂವತ್ತೇಳೋ? ಮಗ್ಗಿ ಇಪ್ಪತ್ತರವರೆಗೆ ಬಾಯಿಪಾಠ ಮಾಡಿದ ತಲೆಗೆ ಎರಡಂಕಿ ನಿಲ್ತಿಲ್ಲ. ಕೊನೆಗೆ ಅಂಗೈ ಮೇಲೆ ಪೆನ್ನಲ್ಲಿ ಬರ್ಕೊಂಡ್ರಿ. ನಾನು ಯಾರಿಗೂ ಹೇಳಲ್ಲ.

ಈಗ ಬಂತು ನೋಡಿ ಮುಖ್ಯವಾದ ಜಾಗ. ಒಂದು ಪುಟ ತೆರೆದುಕೊಂಡಿತು. ನಿಮ್ಮ ಕಂಪನಿಗೆ ಏನೇನು ಕಾಣುತ್ತೆ, ಏನೇನು ಕಾಣಲ್ಲ ಅಂತ ಸಾಲಾಗಿ ಬರೆದಿತ್ತು. ವಾರವಿಡೀ ಕ್ಯಾಂಟೀನಿನಲ್ಲಿ ನೀವು ಹುಡುಕಾಡಿದ ಉತ್ತರ ಪೂರ್ತಿ ಆ ಒಂದೇ ಪುಟದಲ್ಲಿತ್ತು. ಓದಿದ್ರಾ? ಎಲ್ಲಿ ಓದ್ತೀರಿ, ಹೆಬ್ಬೆರಳು ಆಗಲೇ ಕಂಟಿನ್ಯೂ ಮೇಲೆ ಕೂತಾಗಿತ್ತು!

ಪುಣ್ಯಕ್ಕೆ ನಾನು ಓದಿದೀನಿ, ಕೇಳಿ. ಕಾಣದ್ದು ಯಾವುದು? ನೀವು ಯಾರಿಗೆ ಫೋನ್ ಮಾಡಿದ್ರಿ, ಬ್ರೌಸರಿನಲ್ಲಿ ಏನು ಹುಡುಕಿದ್ರಿ, ನಿಮ್ಮ ಸ್ವಂತ ಮೇಲು, ಮೆಸೇಜು, ಕಾಂಟ್ಯಾಕ್ಟು, ಕ್ಯಾಲೆಂಡರು, ಪಾಸ್‌ವರ್ಡು, ಫೋಟೋ. ಕಾಣೋದು ಯಾವುದು? ಫೋನಿನ ಕಂಪನಿ, ಮಾಡೆಲ್ಲು, ಆಪರೇಟಿಂಗ್ ಸಿಸ್ಟಮ್ಮು ಎಷ್ಟು ಹಳೇದು ಅನ್ನೋದು, ಅವರ ಕೋಣೆಯಲ್ಲಿ ಅವರೇ ಇಟ್ಟ ಆಪುಗಳು. ಐಫೋನಾದ್ರೆ ಅದಕ್ಕೆ ನೀವಿಟ್ಟ ಹೆಸರೂ ಕಾಣಬಹುದು. (ಬಸವನಗುಡಿ ಬುಲ್ ಅಂತ ಇಟ್ಕೊಂಡಿದ್ದೀರಲ್ಲ, ಈಗಲೇ ಹೋಗಿ ಬದಲಾಯಿಸಿ.)

ಕೆಲಸ ಹುಡುಕೋ ಆಪು? ಸ್ವಂತ ಆಂಡ್ರಾಯ್ಡ್ ಫೋನಿನಲ್ಲಿ ವರ್ಕ್ ಪ್ರೊಫೈಲ್ ಅಷ್ಟೇ ಇದ್ರೆ, ನಿಮ್ಮ ಕಡೆ ಯಾವ ಆಪ್ ಇದೆ ಅಂತ ಅವರಿಗೆ ಗೊತ್ತಾಗಲ್ಲ. ಉಸಿರು ಬಿಡಿ. ಕಂಪನಿಯೇ ಕೊಟ್ಟು, ಪೂರ್ತಿ ಹಿಡಿತದಲ್ಲಿಟ್ಟ ಫೋನಿನಲ್ಲಿ ಆಪುಗಳ ಪಟ್ಟಿ ಪೂರಾ ಕಾಣಬಹುದು. ಅದರಲ್ಲಿ ಕೂತ್ಕೊಂಡು ಬೇರೆ ಕಂಪನಿಗೆ ಅರ್ಜಿ ಹಾಕೋ ಧೈರ್ಯ ನಿಮಗಿದ್ರೆ ನಿಮ್ಮ ಎಂಟೆದೆಗೆ ಒಂದು ನಮಸ್ಕಾರ.

ನನಗೆ ನಗು ಬರೋದು ಬೇರೆ ವಿಷಯಕ್ಕೆ. ವಾಟ್ಸಾಪ್ ಕಾಣುತ್ತೇನೋ ಅಂತ ಬೆವರ್ತೀರಲ್ಲ, ಬಾಸಿಗೆ ಅಡ್ಡಹೆಸರಿಟ್ಟು ಬೈಯೋದು ಎಲ್ಲಿ? ಆಫೀಸಿನ ಟೀಮ್ಸ್ ಚಾಟಿನಲ್ಲೇ! ಅದು ಕಂಪನಿಯ ಅಕೌಂಟು, ಕಂಪನಿಯ ಉಗ್ರಾಣದಲ್ಲೇ ದಾಖಲಾಗುತ್ತೆ. ಅದನ್ನು ತೆಗೆಸಿ ನೋಡಬೇಕು ಅಂದ್ರೆ ಅವರಿಗೆ ನಿಮ್ಮ ಫೋನಿನ ಹಂಗೇ ಬೇಡ. ಮುಂಬಾಗಿಲಿಗೆ ಮೂರು ಚಿಲಕ ಹಾಕ್ಕೊಂಡು ಹಿತ್ತಲಲ್ಲಿ ನಿಂತು ಕೂಗಾಡೋದು ಅಂದ್ರೆ ಇದೇ.

ಇನ್ನೊಂದು ಗುಟ್ಟು ಹೇಳಲಾ? ಹತ್ತಿರ ಬನ್ನಿ. ಕಾಣೋದನ್ನೂ ಯಾರೂ ನೋಡ್ತಿಲ್ಲ. ಐಟಿಯ ಆ ಹುಡುಗನ ಮುಂದೆ ಸಾವಿರಾರು ಫೋನುಗಳ ಪಟ್ಟಿ ಇರುತ್ತೆ. ಅವನಿಗೆ ಬೇಕಾದ್ದು ಎರಡೇ ಬಣ್ಣ. ಹಸಿರಿದ್ರೆ ಕಂಪ್ಲಯಂಟು, ಕೆಂಪಿದ್ರೆ ನಾನ್ ಕಂಪ್ಲಯಂಟು. ನಿಮ್ಮ ಸಾಲು ಹಸಿರಿದ್ರೆ ನೀವು ಭೂಮಿ ಮೇಲಿದ್ದೀರಿ ಅನ್ನೋದೂ ಅವನಿಗೆ ನೆನಪಿರಲ್ಲ. ಯಾಕೆ ಮುಖ ಚಿಕ್ಕದಾಯ್ತು? ಯಾರೋ ನೋಡ್ತಾರೆ ಅಂದಾಗ ಭಯ, ಯಾರೂ ನೋಡ್ತಿಲ್ಲ ಅಂದ್ರೆ ಅವಮಾನ. ನಿಮ್ಮನ್ನು ಸಂಭಾಳಿಸೋದು ಹೇಗೆ ಸ್ವಾಮಿ!

ಹಾಗಂತ ಕಂಪನಿಗಳೆಲ್ಲ ಸಂಭಾವಿತರು ಅಂತ ನಾನು ಸರ್ಟಿಫಿಕೇಟ್ ಕೊಡ್ತಿಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ತೆಗೆದು ನೋಡಿ. ಮಾತು ಮಾತಿಗೂ ಒಪ್ಪಿಗೆ ಅನ್ನೋ ಆ ಕಾಯ್ದೆಯಲ್ಲೇ, ನೌಕರಿಗೆ ಸಂಬಂಧಪಟ್ಟ ಹಾಗೆ, ಕಂಪನಿಯ ಗುಟ್ಟು ಸೋರದ ಹಾಗೆ ಕಾಯೋಕೆ ಮಾಲೀಕನಿಗೊಂದು ಕಿಂಡಿ ಬಿಟ್ಟಿದ್ದಾರೆ. ಕಿಂಡಿ ಎಷ್ಟಗಲ ಅನ್ನೋದು ಮುಂದೆ ಕೋರ್ಟುಗಳಲ್ಲಿ ಗೊತ್ತಾಗಬೇಕು. ಅದಕ್ಕೇ ಏನೇನು ಕಾಣುತ್ತೆ ಅಂತ ಬರೆದ ಆ ಪುಟ ಓದಿ ಅಂದಿದ್ದು. ಕಂಪನಿಯವರೂ ಅದನ್ನು ಅರ್ಥವಾಗೋ ಕನ್ನಡದಲ್ಲಿ ಒಂದು ಹಾಳೆ ಬರೆದು ಹಂಚಿದ್ರೆ ಅವರ ಗಂಟೇನೂ ಹೋಗಲ್ಲ. ಗೋದಾಮಿನಲ್ಲಿ ಸ್ಕ್ಯಾನರ್ ಹಿಡಿದು ನಿಂತ ಹುಡುಗನಿಗೆ ಎಂಟು ಪುಟ ಇಂಗ್ಲಿಷ್ ಕಾನೂನು ತೋರಿಸಿ ಸಹಿ ಹಾಕಿಸ್ಕೊಳ್ಳೋದು ಒಪ್ಪಿಗೆಯೇನ್ರೀ?

ಅಂತೂ ಎನ್‌ರೋಲ್ ಆಯ್ತು. ಈಗ ನಿಮ್ಮ ಫೋನಿನಲ್ಲಿ ಎರಡು ಪ್ಲೇಸ್ಟೋರು, ಎರಡು ಕಾಂಟ್ಯಾಕ್ಟ್ ಪಟ್ಟಿ, ಎರಡು ಕ್ಯಾಲೆಂಡರು. ಆಫೀಸಿನ ಆಪುಗಳ ಮೂಲೆಯಲ್ಲಿ ಚಿಕ್ಕದೊಂದು ಸೂಟ್‌ಕೇಸಿನ ಗುರುತು. ಹಾಗೇ ಇನ್ನೊಂದು ಭಾಗ್ಯವೂ ಸಿಕ್ಕಿದೆ. ಒಂದು ಗುಂಡಿ ಒತ್ತಿದ್ರೆ ವರ್ಕ್ ಪ್ರೊಫೈಲ್ ಪೂರ್ತಿ ಮಲಗುತ್ತೆ. ಮೇಲಿಲ್ಲ, ಟೀಮ್ಸಿಲ್ಲ, ಸೂಟ್‌ಕೇಸುಗಳೆಲ್ಲ ಬೂದುಬಣ್ಣ. ಶನಿವಾರ ಬೆಳಿಗ್ಗೆ ಎಂಥಾ ಠೀವಿಯಿಂದ ಒತ್ತಿದ್ರಿ!

ಭಾನುವಾರ ಮಧ್ಯಾಹ್ನ ಊಟ ಆದ್ಮೇಲೆ ಬಚ್ಚಲುಮನೆಗೆ ಹೋಗಿ ಮತ್ತೆ ಆನ್ ಮಾಡಿ ನೋಡಿದ್ದು ಯಾರು? ಯಾರಾದ್ರೂ ಹುಡುಕಿದಾರಾ, ನೀವಿಲ್ಲದೆ ಏನಾದ್ರೂ ನಿಂತುಹೋಗಿದೆಯಾ ಅಂತ. ಏನೂ ನಿಂತಿರಲಿಲ್ಲ. ಒಂದೇ ಒಂದು ಮೇಲ್ ಬಂದಿತ್ತು, ನಾಲ್ಕನೇ ಮಹಡಿಯ ಕಾಫಿ ಮೆಷಿನ್ ರಿಪೇರಿಗೆ ಹೋಗಿದೆ ಅಂತ.

ಸೋಮವಾರದಿಂದ ಹೊಸ ಗೋಳು. ಆಫೀಸಿನ ಮೇಲ್‌ನಲ್ಲಿದ್ದ ಸಾಲೊಂದನ್ನು ಕಾಪಿ ಮಾಡಿ ವಾಟ್ಸಾಪಿಗೆ ಪೇಸ್ಟ್ ಮಾಡೋಕೆ ಹೋದ್ರೆ ಆಗಲ್ಲ ಅಂತು. ಸ್ಕ್ರೀನ್‌ಶಾಟ್ ಹೊಡೆದ್ರೆ ಕಪ್ಪು. ಅಷ್ಟಕ್ಕೆ ಬಿಡೋ ಕುಳವೇ ನೀವು? ಹೆಂಡತಿಯ ಫೋನ್ ಇಸ್ಕೊಂಡು ನಿಮ್ಮ ಫೋನಿನ ಫೋಟೋ ತೆಗೆದ್ರಿ. ಕೋಟ್ಯಂತರ ರೂಪಾಯಿಯ ಬಂದೋಬಸ್ತು ನಿಮ್ಮ ಅಡುಗೆಮನೆ ಕಟ್ಟೆ ಮೇಲೆ, ಒಗ್ಗರಣೆ ಡಬ್ಬಿಗೆ ಒರಗಿಸಿದ ಫೋನಿನ ಮುಂದೆ ಮಣ್ಣುಮುಕ್ಕಿತು. (ಹೆಬ್ಬೆರಳೂ ಬಿದ್ದಿದೆ ಫೋಟೋದಲ್ಲಿ, ನೋಡ್ಕೊಳ್ಳಿ.)

ಪಾಸ್‌ಕೋಡ್ ಕಥೆ ಬೇರೆ. ನಿಮ್ಮದು 1234 ಇತ್ತು, ಒಪ್ಪಲ್ಲ ಅಂತು. 0000, ಅದೂ ಆಗಲ್ಲ. ಆರಂಕಿ ಬೇಕು, ಸುಲಭಕ್ಕೆ ಊಹಿಸೋ ಹಾಗಿರಬಾರದು ಅಂದ್ರು. ಕೊನೆಗೆ ಏನೋ ಇಟ್ಟು ಫೋನಿನ ಹಿಂದೆ ಕವರಿನೊಳಗೆ ಚೀಟಿ ಬರೆದು ಸಿಕ್ಕಿಸಿದ್ರಿ. ಆ ಚೀಟಿ ಯಾರಿಗೂ ಗೊತ್ತಿಲ್ಲ ಅಂದ್ಕೊಂಡಿದ್ದೀರಾ? ಯುಕೆಜಿ ಓದೋ ನಿಮ್ಮ ಮೊಮ್ಮಗನನ್ನೇ ಕೇಳಿ.

ಚೀಟಿ ಸಿಗದ ದಿನ ಇನ್ನೂ ಅಪಾಯ. ತಪ್ಪು ಕೋಡನ್ನು ಇಷ್ಟು ಸಲ ಒತ್ತಿದ್ರೆ ಫೋನು ತನ್ನಷ್ಟಕ್ಕೇ ಗುಡಿಸಿ ಸಾರಿಸಿ ಖಾಲಿಯಾಗಲಿ ಅಂತ ಐಟಿಯವರು ಅಪ್ಪಣೆ ಇಟ್ಟಿರಬಹುದು. ಕಳ್ಳನಿಗೆ ಅಂತ ಇಟ್ಟಿದ್ದು. ಕಳ್ಳರಿಗೆ ಪಾಪ ಅಷ್ಟು ತಾಳ್ಮೆ ಎಲ್ಲಿರುತ್ತೆ? ಕಾರ್ಟೂನ್ ಬೇಕು ಅಂತ ಕೂತ ಕೂಸಿಗೆ ಇರುತ್ತೆ.

ಈಗ ಕಂಪನಿಯೇ ಫೋನ್ ಕೊಡೋ ಭಾಗ್ಯವಂತರ ಕಡೆ ಬರೋಣ. ಮದುವೆಮನೆಯ ಊಟದ ಸಾಲಿನಲ್ಲಿ ಎಲೆ ಪಕ್ಕ ಎರಡು ಫೋನ್ ಇಡ್ತೀರಲ್ಲ, ಆ ನೀವೇ. 'ಇದು ಪರ್ಸನಲ್ಲು, ಇದು ಆಫೀಸಿಂದು' ಅಂತ ಕೇಳದವರಿಗೂ ಹೇಳ್ತೀರಿ. ಹೋಳಿಗೆ ಮೇಲೆ ತುಪ್ಪ ಬಡಿಸೋರು 'ಫೋನ್ ತೆಗೀರಿ' ಅಂದಾಗ ಎತ್ತಿಕೊಳ್ಳೋದು ಪರ್ಸನಲ್ಲನ್ನು ಮಾತ್ರ. ತುಪ್ಪ ಬಿದ್ರೆ ಕಂಪನಿಗೆ ಬೀಳಲಿ.

ಆ ಫೋನು ಕೈಗೆ ಬಂದ ದಿನದ ಸಂಭ್ರಮ ನೋಡಬೇಕಿತ್ತು. ಹೊಸ ಆಂಡ್ರಾಯ್ಡ್ ಫೋನ್ ತೆರೆದಾಗ ಸ್ವಾಗತ ಅನ್ನೋ ಪರದೆ ಬರುತ್ತಲ್ಲ, ಅದರ ಮೇಲೆ ಒಂದೇ ಜಾಗದಲ್ಲಿ ಆರು ಸಲ ತಟ್ಟಬೇಕು. ಕ್ಯಾಮೆರಾ ತೆರೆಯುತ್ತೆ, ಐಟಿಯವರು ಕೊಟ್ಟ ಕ್ಯೂಆರ್ ಕೋಡ್ ತೋರಿಸಿದ್ರೆ ಫೋನು ಕಂಪನಿಯ ಪಾಲಾಯ್ತು. ಆರು ತಟ್ಟು, ಇನ್ನೇನಿಲ್ಲ. ನೀವು ನಾಲ್ಕು ತಟ್ಟಿ ಆಗ್ತಿಲ್ಲ ಅಂದ್ರಿ, ಮತ್ತೆ ಒಂಬತ್ತು ತಟ್ಟಿದ್ರಿ, ಅಷ್ಟರಲ್ಲಿ ಅವಸರ ತಡೀದೆ ಮುಂದಿನ ಪುಟಕ್ಕೆ ಹೋಗಿ ಸ್ವಂತ ಜಿಮೇಲ್ ಹಾಕಿಬಿಟ್ಟಿದ್ರಿ. ಫೋನನ್ನು ಪೂರ್ತಿ ಅಳಿಸಿ ಮೊದಲಿಂದ ಶುರು ಮಾಡಬೇಕಾಯ್ತು.

ಆ ಐಟಿ ಹುಡುಗನ ತಾಳ್ಮೆಗೆ ಏನಾದ್ರೂ ಪ್ರಶಸ್ತಿ ಕೊಡಬೇಕು. ನೀವು ಟಿಕೆಟ್ ಹಾಕೋದೇ ಹೀಗೆ: 'ಫೋನ್ ನಾಟ್ ವರ್ಕಿಂಗ್. ಅರ್ಜೆಂಟ್.' ಅವನು ಕೇಳ್ತಾನೆ, ಏನಾದ್ರೂ ಮಾಡಿದ್ರಾ ಸರ್? 'ಇಲ್ಲಪ್ಪ, ನಾನು ಮುಟ್ಟೇ ಇಲ್ಲ, ತಾನಾಗೇ ಹೋಯ್ತು.' ಕಂಪನಿ ಪೋರ್ಟಲ್ ಅನ್ನೋದೇನೋ ಸುಮ್ನೆ ಜಾಗ ತಿಂತಿದೆ ಅಂತ ನೀವೇ ಕಿತ್ತುಹಾಕಿರೋದು ಅವನಿಗೆ ಮೂರನೇ ಪ್ರಶ್ನೆಗೇ ಗೊತ್ತಾಗಿದೆ. ಆದ್ರೂ ಹೇಳಲ್ಲ. ದೊಡ್ಡ ಮನಸ್ಸು.

'ಸಿಂಕ್ ಒತ್ತಿದ್ರಾ ಸರ್?' 'ಬೆಳಿಗ್ಗೆಯಿಂದ ಒತ್ತಿ ಒತ್ತಿ ಸಾಕಾಯ್ತು.' ಇಲ್ಲಿ ಸಿಕ್ಕಿಬೀಳ್ತೀರಿ ನೀವು. ಮೈಕ್ರೋಸಾಫ್ಟಿನ ಇನ್‌ಟ್ಯೂನ್‌ನಂಥ ಎಂಡಿಎಂ ವ್ಯವಸ್ಥೆಯಲ್ಲಿ ಫೋನುಗಳು ತಾವಾಗೇ ಸುಮಾರು ಎಂಟು ಗಂಟೆಗೊಮ್ಮೆ ಸರ್ವರಿಗೆ ಹಾಜರಿ ಹಾಕ್ತವೆ, ಸಿಂಕ್ ಒತ್ತಿದ್ರೆ ಆಗಲೂ ಹಾಕ್ತವೆ. ಕೊನೇ ಹಾಜರಿ ಯಾವಾಗ ಅಂತ ಅವನ ಸ್ಕ್ರೀನಿನ ಮೇಲಿದೆ. ಹೋದ ಬುಧವಾರ! ಅಪ್‌ಡೇಟ್ ಮಾಡಿ ಅಂತ ಬಂದಾಗಲೆಲ್ಲ 'ಇವತ್ತು ರಾತ್ರಿ' ಅಂತ ಒತ್ತಿ ಮಲಗಿದ್ರಲ್ಲ, ಆ ರಾತ್ರಿಗಳೂ ಕೆಂಪು ಬಣ್ಣವಾಗಿ ಅಲ್ಲಿ ಕೂತಿವೆ.

ಫೋನ್ ಕಳೆದಾಗ ಏನು ಮಾಡ್ತೀರಿ ಅಂತಲೂ ನಂಗೊತ್ತು. ಕಳೆದ ಕೂಡಲೇ ಐಟಿಗೆ ತಿಳಿಸಿ ಅಂತ ಸಹಿ ಹಾಕಿಸ್ಕೊಂಡಿರ್ತಾರೆ. ಕಳೆದಿದ್ದು ಶನಿವಾರ ರಾತ್ರಿ. ನೀವು ತಿಳಿಸಿದ್ದು ಸೋಮವಾರ ಹನ್ನೊಂದಕ್ಕೆ. ಮಧ್ಯದ ಹೊತ್ತಲ್ಲಿ ಆಟೋದಲ್ಲಿ ಬಿಟ್ಟೆ ಅನ್ನೋದೋ, ಜೇಬುಗಳ್ಳ ಹೊಡೆದ ಅನ್ನೋದೋ ಅಂತ ಕಥೆ ಕಟ್ಟೋಕೆ ಸಮಯ ಬೇಕಲ್ಲ. (ಮನೆಯಲ್ಲಿ ಆಡಿಟಿಂಗ್ ಅಂತ ಹೇಳಿ ಎಲ್ಲಿಗೆ ಹೋಗಿದ್ರಿ ಅನ್ನೋದು ಬೇರೆ ವಿಚಾರ.)

ತಡವಾದ್ರೆ ಏನಾಗುತ್ತೆ ಕೇಳಿ. ಅಳಿಸಿಬಿಡು ಅನ್ನೋ ಅಪ್ಪಣೆಯನ್ನು ಐಟಿಯವರು ಕಳಿಸ್ತಾರೆ, ಸರಿ. ಅದು ಫೋನಿಗೆ ಮುಟ್ಟಬೇಕಾದ್ರೆ ಫೋನಿಗೆ ನೆಟ್ ಇರಬೇಕು. ಎತ್ತಿಕೊಂಡವನು ಸಿಮ್ ಕಿತ್ತು ಬಿಸಾಕಿದ್ರೆ ಅಪ್ಪಣೆ ಬಾಗಿಲಲ್ಲೇ ಕಾಯ್ತಾ ಕೂರುತ್ತೆ. ಪೆಂಡಿಂಗ್ ಅಂತ ತೋರಿಸುತ್ತೆ. ಮೊದಲ ಅರ್ಧ ಗಂಟೆಯಲ್ಲಿ ತಿಳಿಸಿದ್ರೆ ಆಗ್ತಿದ್ದ ಕೆಲಸ. ಅಂದಹಾಗೆ, ಕಂಪನಿಯ ಐಫೋನ್ ಎಲ್ಲಿದೆ ಅಂತ ಎಂಡಿಎಂ ಮೂಲಕ ಹುಡುಕಬೇಕಾದ್ರೆ ಅದನ್ನು ಮೊದಲು ಕಳೆದ ಫೋನು ಅಂತ ಲಾಸ್ಟ್ ಮೋಡಿಗೆ ಹಾಕಲೇಬೇಕು. ಆಗ ಸ್ಕ್ರೀನಿನ ಮೇಲೇ ಬರಹ ಬರುತ್ತೆ. ಅಂದ್ರೆ ನೀವು ಆಡಿಟಿಂಗಿಗೆ ಹೋಗಿರೋವಾಗ ಆ ದಾರಿಯಲ್ಲಿ ಸದ್ದಿಲ್ಲದೆ ಹಿಂಬಾಲಿಸೋಕೆ ಬರಲ್ಲ.

ಇನ್ನು ಕಡಿಮೆಗೆ ಸಿಕ್ತು ಅಂತ ಕುಣಿಯೋ ಜಾತಿಯವರು. ನೀವಲ್ಲ ಬಿಡಿ, ನಿಮ್ಮ ಭಾಮೈದ. ಬೆಂಗಳೂರಿನ ಎಸ್‌ಪಿ ರೋಡಿಗೋ ನ್ಯಾಷನಲ್ ಮಾರ್ಕೆಟ್ಟಿಗೋ ಹೋಗಿ, ಬಿಲ್ಲಿಲ್ಲ ಬಾಕ್ಸಿಲ್ಲ ಅಂದ್ರೂ ಫಳಫಳ ಅಂತಿದೆ ಅಂತ ಸೆಕೆಂಡ್‌ಹ್ಯಾಂಡ್ ಐಫೋನ್ ತಂದ. (ನೆಟ್ಟಗೆ ಬಿಲ್ ಕೊಟ್ಟು ಮಾರೋರೂ ಅಲ್ಲೇ ಇದ್ದಾರೆ. ಇವನು ಅವರ ಅಂಗಡಿ ದಾಟಿ ಮುಂದೆ ಹೋಗಿದ್ದ.) ಒಂದು ವಾರ ಚೆನ್ನಾಗೇ ಇತ್ತು. ಹಳೇ ಕಸ ತೆಗೆಯೋಣ ಅಂತ ಪೂರ್ತಿ ರೀಸೆಟ್ ಹೊಡೆದ.

ಹೊಡೆದಿದ್ದೇ ತಡ, ರಿಮೋಟ್ ಮ್ಯಾನೇಜ್‌ಮೆಂಟ್ ಅನ್ನೋ ಪುಟ ಬಂತು. ಈ ಫೋನನ್ನು ಇಂಥ ಕಂಪನಿ ನೋಡ್ಕೊಳ್ಳುತ್ತೆ, ಅವರ ಲಾಗಿನ್ ಹಾಕಿ ಅಂತು. ಹತ್ತು ಸಲ ಅಳಿಸಿದ್ರೂ ಅದೇ ಪುಟ. ಕಂಪನಿಗಳು ದೊಡ್ಡ ಪ್ರಮಾಣದಲ್ಲಿ ಕೊಂಡ ಫೋನುಗಳ ಸೀರಿಯಲ್ ನಂಬರು ಆಪಲ್‌ನ ಖಾತೆಯಲ್ಲೇ ಆ ಕಂಪನಿಯ ಹೆಸರಲ್ಲಿ ದಾಖಲಾಗಿರುತ್ತೆ. 2014ರಿಂದ ಈ ಏರ್ಪಾಡಿದೆ. ಹೊಸದಾಗಿ ಆನ್ ಆದ ಫೋನು ಮೊದಲು ಅಲ್ಲಿಗೆ ಹೋಗಿ ನಾನು ಯಾರ ಪೈಕಿ ಅಂತ ಕೇಳ್ಕೊಂಡು ಬರುತ್ತೆ. ಸ್ಯಾಮ್‌ಸಂಗ್‌ಗೂ, ಗೂಗಲ್‌ಗೂ ಇಂಥದ್ದೇ ವ್ಯವಸ್ಥೆಗಳಿವೆ. ಕೊಂಡ ಕಂಪನಿಯವರು ನಮ್ಮದಲ್ಲ ಅಂತ ಬಿಟ್ಟುಕೊಡೋ ತನಕ ಬಿಡುಗಡೆ ಇಲ್ಲ. ಭಾಮೈದ ಈಗ ಅದನ್ನು ಗಾಜಿನ ಬೀರುವಿನಲ್ಲಿ ಇಟ್ಟಿದ್ದಾನೆ.

ಕೊನೆಗೊಂದು ಮಾತು, ಫೋನ್ ವಾಪಸ್ ಕೊಡೋ ದಿನದ್ದು. ರಾಜೀನಾಮೆಯೋ ನಿವೃತ್ತಿಯೋ, ಹಾರ ಹಾಕಿಸ್ಕೊಂಡು, ಫೋನನ್ನು ಮೇಜಿನ ಮೇಲಿಟ್ಟು, ಸಹಿ ಹಾಕಿ ಹೊರಟ್ರಿ. ನಿಮ್ಮ ಸ್ವಂತ ಆಪಲ್ ಐಡಿ, ಗೂಗಲ್ ಅಕೌಂಟು ಅದರೊಳಗೇ ಉಳೀತು. ಅದನ್ನು ತೆಗೆಸೋಕೆ ಐಟಿ ಹುಡುಗ ಫೋನ್ ಮಾಡಿದಾಗ ನೀವು ಧರ್ಮಸ್ಥಳದ ಬಸ್ಸಿನಲ್ಲಿ ಚಾರ್ಮಾಡಿ ಘಾಟಿ ಇಳೀತಿದ್ರಿ. ಸಿಗ್ನಲ್ ಇಲ್ಲ.

ಅದಕ್ಕಿಂತ ದೊಡ್ಡ ಫಜೀತಿ ಸಿಮ್ಮಿನದು. ಆಫೀಸಿನ ಸಿಯುಜಿ ನಂಬರು, ಬಿಲ್ ಕಟ್ಟೋ ತಾಪತ್ರಯ ಇಲ್ಲ ಅಂತ ವರ್ಷಗಟ್ಟಲೆ ಎಲ್ಲ ಕಡೆಗೂ ಅದನ್ನೇ ಕೊಟ್ರಿ. ಬ್ಯಾಂಕಿಗೆ ಅದೇ, ಆಧಾರಿಗೆ ಅದೇ, ಗ್ಯಾಸಿಗೆ ಅದೇ, ಮಗಳ ಮದುವೆಗೆ ಹುಡುಗನನ್ನು ಹುಡುಕೋ ವಧೂವರ ಕೇಂದ್ರಕ್ಕೂ ಅದೇ. ಈಗ ಆ ನಂಬರು ನಿಮ್ಮ ಕುರ್ಚಿಗೆ ಬಂದ ಹೊಸಬರ ಜೇಬಿನಲ್ಲಿದೆ. ನಿಮ್ಮ ಓಟಿಪಿಗಳೆಲ್ಲ ಅವರಿಗೆ ಹೋಗ್ತಿವೆ.

ಮೊನ್ನೆ ಅವರು ಮೀಟಿಂಗಿನಲ್ಲಿದ್ದಾಗ ಫೋನ್ ಬಂತಂತೆ. ಮೂವತ್ತರ ಬ್ರಹ್ಮಚಾರಿ ಪಾಪ. ಆ ಕಡೆಯಿಂದ ಯಾರೋ ಹಿರಿಯರು, 'ಜಾತಕ ಕೂ‌ಡಿಬಂದಿದೆ, ಹುಡುಗಿ ನೋಡೋಕೆ ಯಾವತ್ತು ಬರೋಣ?' ಅಂದ್ರಂತೆ. ಅವರು ಭಾನುವಾರ ಬನ್ನಿ ಅಂದು, ನಿಮ್ಮ ಅಡ್ರೆಸ್ಸಿಗಾಗಿ ಎಚ್‌ಆರ್‌ನವರ ಹತ್ತಿರ ಓಡಾಡ್ತಿದ್ದಾರೆ. ಮನೆಯಲ್ಲಿ ಉಪ್ಪಿಟ್ಟಿಗೆ ರವೆ ಇದೆಯೋ ಇಲ್ವೋ ನೋಡ್ಕೊಳ್ಳಿ. ಗ್ಯಾಸ್ ಮುಗಿದಿದ್ರೆ ಬುಕ್ ಮಾಡೋಕೂ ಅವರನ್ನೇ ಕೇಳಬೇಕು.